ನಾನ್‌ಕಟಾಯಿ ಹರಡುವುದೇಕೆ, ಕೊಕ್ಕಿಸಾಂ ಅಚ್ಚು ಬಿಡದಿರುವುದೇಕೆ?

ಅಡುಗೆಮನೆ ಪ್ರಶ್ನೋತ್ತರ

ಡಿಸೆಂಬರ್ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕುಸ್ವಾರ್, ಅಂದರೆ ಕರಾವಳಿಯ ಕ್ರೈಸ್ತರ ಮನೆಗಳ ಕ್ರಿಸ್‌ಮಸ್ ತಿಂಡಿಗಳ ಬಗ್ಗೆಯೇ ಇರುತ್ತವೆ. ಬರೆದವರಲ್ಲಿ ಬಹಳ ಮಂದಿಯ ಹತ್ತಿರ ಅಜ್ಜಿಯದೋ ಅತ್ತೆಯದೋ ಕೈಬರಹದ ಪುಸ್ತಕವಿದೆ. ಅದರಲ್ಲಿ ಸಾಮಗ್ರಿಯ ಪಟ್ಟಿ ಇರುತ್ತದೆ. ತುಪ್ಪ ಗಟ್ಟಿಯಿರಬೇಕೋ ಕರಗಿರಬೇಕೋ, ಬೆಂಕಿ ಎಷ್ಟಿರಬೇಕು, ಹಿಟ್ಟು ಯಾವ ಹದಕ್ಕೆ ಬಂದಾಗ ನಿಲ್ಲಿಸಬೇಕು ಎಂಬುದು ಇರುವುದಿಲ್ಲ. ಬರೆದವರಿಗೆ ಅದು ಕೈಗೆ ಗೊತ್ತಿದ್ದ ವಿಷಯ. ಈ ಸಲದ ಉತ್ತರಗಳಲ್ಲಿ ಹೆಚ್ಚಿನವು ಪುಸ್ತಕದಲ್ಲಿ ಬರೆಯದೆ ಉಳಿದ ಆ ಭಾಗಕ್ಕೇ ಸಂಬಂಧಿಸಿದವು.

ಪ್ರಶ್ನೆ: ಅಜ್ಜಿಯ ಪುಸ್ತಕದ ನಾನ್‌ಕಟಾಯಿ: ಮೈದಾ ಎರಡು ಪಾಲು, ಸಕ್ಕರೆ ಒಂದು ಪಾಲು, ತುಪ್ಪ ಒಂದು ಪಾಲು, ಸೋಡಾ ಚಿಟಿಕೆ. ಹಾಗೆಯೇ ಮಾಡಿದರೂ ಓವನ್‌ನಲ್ಲಿ ಎಲ್ಲವೂ ಹರಡಿ ಒಂದಕ್ಕೊಂದು ಅಂಟಿ ಹಪ್ಪಳದ ಹಾಗಾಗುತ್ತದೆ. ತಪ್ಪು ಎಲ್ಲಿ?
– ಬೆಂದೂರು, ಮಂಗಳೂರು

ಉತ್ತರ: ಅಜ್ಜಿಯ ಲೆಕ್ಕ ಸರಿಯಾಗಿದೆ, ಆದರೆ ಅದು ತೂಕದ ಲೆಕ್ಕ. ನೀವು ಕಪ್‌ನಲ್ಲಿ ಅಳೆದಿರಬೇಕು. 240 ಮಿಲಿ ಕಪ್‌ನಲ್ಲಿ ಎರಡು ಕಪ್ ಮೈದಾ ಸುಮಾರು 250 ಗ್ರಾಂ ತೂಗುತ್ತದೆ. ಅದಕ್ಕೆ ತೂಕದಲ್ಲಿ ಅರ್ಧ ಎಂದರೆ ತುಪ್ಪ 125 ಗ್ರಾಂ ಸಾಕು. ಆದರೆ ಕರಗಿದ ತುಪ್ಪ ಒಂದು ಕಪ್‌ಗೆ 215 ಗ್ರಾಂನಷ್ಟು ಬರುತ್ತದೆ, ಹರಳು ಸಕ್ಕರೆ 200 ಗ್ರಾಂ. ಇಷ್ಟು ತುಪ್ಪ, ಇಷ್ಟು ಸಕ್ಕರೆ ಬಿದ್ದರೆ ಯಾವ ಓವನ್‌ನಲ್ಲಿಟ್ಟರೂ ಹಿಟ್ಟು ನಿಲ್ಲುವುದಿಲ್ಲ.

ಎರಡನೆಯ ಕಾರಣ ನಮ್ಮ ಕರಾವಳಿಯ ಸೆಕೆ. ಪುಸ್ತಕದಲ್ಲಿ ‘ತುಪ್ಪ’ ಎಂದರೆ ಗಟ್ಟಿ ತುಪ್ಪ. ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ದಿನ ಡಬ್ಬಿಯಲ್ಲಿರುವುದು ಅರ್ಧ ಕರಗಿದ ತುಪ್ಪ. ಗಟ್ಟಿ ತುಪ್ಪಕ್ಕೆ ಸಕ್ಕರೆ ಪುಡಿ ಹಾಕಿ ನೊರೆ ಬರುವಂತೆ ಉಜ್ಜಿದಾಗ ಸಣ್ಣ ಸಣ್ಣ ಗಾಳಿಗುಳ್ಳೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ನಾನ್‌ಕಟಾಯಿ ಹಗುರಾಗುವುದು, ಮೇಲೆ ಬಿರಿಯುವುದು ಅದರಿಂದ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಆದ್ದರಿಂದ ತುಪ್ಪದ ಪಾತ್ರೆಯನ್ನು 15–20 ನಿಮಿಷ ಫ್ರಿಜ್‌ನಲ್ಲಿಡಿ. ಬೆರಳಿನಿಂದ ಒತ್ತಿದರೆ ಗುರುತು ಉಳಿಯಬೇಕು, ಕಲ್ಲಿನ ಹಾಗೆ ಗಟ್ಟಿಯಾಗಬಾರದು. ಅದೇ ಹದ.

ತೂಕದ ಲೆಕ್ಕದಲ್ಲಿ ಹೀಗೆ ಮಾಡಿ: ಮೈದಾ 200 ಗ್ರಾಂ, ಕಡಲೆಹಿಟ್ಟು 30 ಗ್ರಾಂ, ಸಣ್ಣ ರವೆ 20 ಗ್ರಾಂ, ತುಪ್ಪ 135 ಗ್ರಾಂ, ನುಣ್ಣಗೆ ಪುಡಿ ಮಾಡಿದ ಸಕ್ಕರೆ 120 ಗ್ರಾಂ, ಅಡುಗೆ ಸೋಡಾ ಕಾಲು ಟೀಚಮಚ, ಉಪ್ಪು ಚಿಟಿಕೆ, ಏಲಕ್ಕಿ ಆರು. ಕಡಲೆಹಿಟ್ಟು ಪರಿಮಳಕ್ಕೆ, ರವೆ ಬಾಯಲ್ಲಿ ತರಿ ಸಿಗಲಿಕ್ಕೆ. ತುಪ್ಪ, ಸಕ್ಕರೆಯನ್ನು ಐದಾರು ನಿಮಿಷ ಬೆಳ್ಳಗಾಗುವ ತನಕ ಉಜ್ಜಿ. ಹಿಟ್ಟು, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಅದಕ್ಕೆ ಸೇರಿಸಿ. ಇಲ್ಲಿಂದ ಮುಂದೆ ನಾದಬೇಡಿ, ಬೆರಳ ತುದಿಯಿಂದ ಒಟ್ಟುಗೂಡಿಸಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಉಜ್ಜಿ ಸೇರಿಸಿದ ಗಾಳಿಯೂ ಹೋಗುತ್ತದೆ, ಕೈಯ ಬಿಸಿಗೆ ತುಪ್ಪವೂ ಕರಗುತ್ತದೆ. ಪುಡಿಪುಡಿಯಾಗಿ ಸೇರದಿದ್ದರೆ ಒಂದು ಟೀಚಮಚ ತುಪ್ಪ ಹಾಕಿ. ಹಾಲು ಹಾಕಬೇಡಿ. 20 ಗ್ರಾಂನ ಉಂಡೆ ಮಾಡಿ, ಮೆಲ್ಲಗೆ ತಟ್ಟಿ, ಎರಡು ಬೆರಳು ಅಂತರ ಬಿಟ್ಟು ಟ್ರೇಯಲ್ಲಿಟ್ಟು, ಟ್ರೇಯನ್ನೇ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 160 ಡಿಗ್ರಿಯಲ್ಲಿ 18–20 ನಿಮಿಷ ಬೇಯಿಸಿ. ತಳದ ಅಂಚು ತುಸು ಕೆಂಪಾದರೆ ಆಯಿತು, ಮೇಲ್ಭಾಗ ಬಿಳಿಯಾಗಿಯೇ ಇರಲಿ. ಬಿಸಿಯಿರುವಾಗ ಮೆತ್ತಗಿರುವುದು ಸಹಜ. ಹತ್ತು ನಿಮಿಷ ಟ್ರೇಯಲ್ಲೇ ಬಿಟ್ಟು ಆಮೇಲೆ ಎತ್ತಿ.

ಎಲ್ಲವನ್ನೂ ಒಟ್ಟಿಗೆ ಇಡುವ ಮೊದಲು ಒಂದನ್ನು ಮಾತ್ರ ಬೇಯಿಸಿ ನೋಡಿ. ಹರಡಿದರೆ ಒಂದು ದೊಡ್ಡ ಚಮಚ ಮೈದಾ ಸೇರಿಸಿ. ಸ್ವಲ್ಪವೂ ಬಿರಿಯದೆ ಉಂಡೆಯಾಗಿಯೇ ಕೂತರೆ ಒಂದು ಟೀಚಮಚ ತುಪ್ಪ. ಎರಡನೆಯ ಸಲ ಇಡುವಾಗ ಟ್ರೇ ಪೂರ್ತಿ ತಣಿದಿರಬೇಕು. ಬಿಸಿ ಟ್ರೇಯಲ್ಲಿಟ್ಟ ಹಿಟ್ಟು ಓವನ್ ಸೇರುವ ಮೊದಲೇ ಕರಗಲು ಶುರುವಾಗುತ್ತದೆ. ಸೋಡಾ ಹೆಚ್ಚಾದರೂ ಹರಡುತ್ತದೆ. ಬೇಗ ಕಂದು ಬಣ್ಣಕ್ಕೆ ತಿರುಗಿ ಸಾಬೂನಿನ ರುಚಿ ಬಂದರೆ ಅದು ಸೋಡಾದ್ದೇ ತಪ್ಪು.

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ಎಲ್ಲವೂ ಕುಡ್ತೆ, ಪಾವು, ಸೇರಿನ ಲೆಕ್ಕ. ಗ್ರಾಂಗೆ ಬದಲಾಯಿಸುವುದು ಹೇಗೆ?
– ಮೂಡುಬಿದಿರೆ

ಉತ್ತರ: ಹಳೆಯ ಅಳತೆ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ ಇರುತ್ತದೆ. ಬೇರೆಯವರ ಕೋಷ್ಟಕ ನಂಬಬೇಡಿ. ಆ ಪಾವೋ ಕುಡ್ತೆಯೋ ಮನೆಯಲ್ಲಿದ್ದರೆ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನ ತನಕ ನೀರು ತುಂಬಿ ತೂಗಿ. ನೀರು ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿ ಆ ಪಾತ್ರೆ. ಆಮೇಲೆ ಪ್ರತಿ 100 ಮಿಲಿಗೆ ಈ ಲೆಕ್ಕ ಹಿಡಿಯಿರಿ: ಮೈದಾ 52 ಗ್ರಾಂ, ಹರಳು ಸಕ್ಕರೆ 83, ಸಕ್ಕರೆ ಪುಡಿ 50, ಕರಗಿದ ತುಪ್ಪ 90, ಅಕ್ಕಿಹಿಟ್ಟು 65, ಸಣ್ಣ ರವೆ 70. ಇವು ಹಗುರಾಗಿ ತುಂಬಿ ಅಂಚಿಗೆ ಸಮ ಮಾಡಿದ ಅಳತೆ. ಹಿಂದಿನವರು ಹಿಟ್ಟನ್ನು ಪಾವಿಗೆ ಕುಟ್ಟಿ ತುಂಬುತ್ತಿದ್ದರೋ ಇಲ್ಲವೋ ಎಂಬುದನ್ನು ಮನೆಯ ಹಿರಿಯರಲ್ಲೇ ಕೇಳಿ. ಕುಟ್ಟಿ ತುಂಬಿದರೆ ಮೈದಾ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ಹಿಡಿಯುತ್ತದೆ.

ಮೊಟ್ಟೆಯ ಸಂಖ್ಯೆಯನ್ನೂ ಹಾಗೆಯೇ ಒಪ್ಪಬೇಡಿ. ಹಳೆಯ ಪುಸ್ತಕದ ಮೊಟ್ಟೆ ಊರ ಕೋಳಿಯದು, ಸಣ್ಣದು. ಪೇಟೆಯ ಫಾರ್ಮ್ ಮೊಟ್ಟೆ ಚಿಪ್ಪು ತೆಗೆದ ಮೇಲೆ 45–50 ಗ್ರಾಂ ಇರುತ್ತದೆ. ನಾಲ್ಕು ಎಂದು ಬರೆದಲ್ಲಿ ಮೂರು ಹಾಕಿ ಹಿಟ್ಟಿನ ಹದ ನೋಡುವುದು ಒಳ್ಳೆಯದು. ತಿಳಿದದ್ದನ್ನೆಲ್ಲ ಅದೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಮುಂದಿನವರಿಗೆ ಬೇಕಾಗುತ್ತದೆ.

ಪ್ರಶ್ನೆ: ಕೊಕ್ಕಿಸಾಂ (ಬಿಸಿ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಹೂವಿನಾಕಾರದ ತಿಂಡಿ) ಮಾಡಲು ಹೊಸ ಅಚ್ಚು ತಂದೆವು. ಒಂದೂ ಬಿಡುವುದಿಲ್ಲ. ಕೆಲವೊಮ್ಮೆ ಹಿಟ್ಟು ಅಚ್ಚಿಗೆ ಹಿಡಿಯುವುದೇ ಇಲ್ಲ. ಅತ್ತೆಯ ಹಳೆಯ ಅಚ್ಚಿನಲ್ಲಿ ಹೀಗಾಗುತ್ತಿರಲಿಲ್ಲ.
– ಬಂಟ್ವಾಳ

ಉತ್ತರ: ಹಳೆಯ ಅಚ್ಚು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಹೊಸದನ್ನು ನಾವೇ ಪಳಗಿಸಬೇಕು. ಕಬ್ಬಿಣದ್ದಾದರೆ ಅಕ್ಕಿ ಗಂಜಿಯ ತೆಳಿಯಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು, ಒರೆಸಿ ಒಲೆಯ ಮೇಲೆ ಒಣಗಿಸಿ. ಆಮೇಲೆ ಎಣ್ಣೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಬಿಸಿ ಮಾಡಿ, ಆ ಎಣ್ಣೆಯಲ್ಲೇ ಮರುದಿನದವರೆಗೆ ಬಿಡಿ. ಹಿತ್ತಾಳೆಯದ್ದನ್ನು ಮೊದಲು ಹುಣಸೆಹುಳಿಯಿಂದ ತಿಕ್ಕಿ ತೊಳೆಯಿರಿ, ಉಳಿದದ್ದು ಹಾಗೆಯೇ. ಪಳಗಿದ ಮೇಲೆ ಸಾಬೂನು ಮುಟ್ಟಿಸಬೇಡಿ. ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ. ಪಳಗಿಸಿದರೂ ಮೊದಲ ನಾಲ್ಕೈದು ಕೊಕ್ಕಿಸಾಂ ಹಾಳಾಗುತ್ತವೆ. ಅದಕ್ಕೆ ಬೇಸರ ಬೇಡ.

ಇನ್ನು ಹಿಟ್ಟು. ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) 250 ಗ್ರಾಂ, ನಾಲ್ಕೈದು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಿರಿ. ದಪ್ಪ ತೆಂಗಿನ ಹಾಲು 250 ಮಿಲಿ ಹಾಕಿ ಕೈಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ಮೈದಾ 50 ಗ್ರಾಂ, ಸಕ್ಕರೆ 75 ಗ್ರಾಂ, ಮೊಟ್ಟೆ ಒಂದು, ಉಪ್ಪು, ಒಂದು ಟೀಚಮಚ ಎಳ್ಳು ಸೇರಿಸಿ ಅರ್ಧ ಗಂಟೆ ಇಡಿ. ಸೌಟಿನ ಬೆನ್ನಿಗೆ ತೆಳುವಾಗಿ ಹಿಡಿದು, ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಗಟ್ಟಿಯಾದರೆ ತೆಂಗಿನ ಹಾಲನ್ನು ಚಮಚ ಚಮಚವಾಗಿ ಸೇರಿಸುತ್ತ ಹದ ನೋಡಿ. ಸಕ್ಕರೆ ಇದಕ್ಕಿಂತ ಹೆಚ್ಚಿಸಬೇಡಿ. ಎಣ್ಣೆಯಲ್ಲಿ ಸಕ್ಕರೆ ಪಾಕವಾಗಿ ಅಚ್ಚಿಗೆ ಅಂಟುತ್ತದೆ, ಬೇಯುವ ಮೊದಲೇ ಕಪ್ಪಾಗುತ್ತದೆ.

ಎಣ್ಣೆ 175 ಡಿಗ್ರಿ ಆಸುಪಾಸು ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ: ತಳ ಮುಟ್ಟಿ ತಕ್ಷಣ ಮೇಲೆದ್ದು, ಕೆಂಪಾಗದೆ ಗುಳ್ಳೆಯೇಳಬೇಕು. ಅಚ್ಚನ್ನು ಮೂರು ನಾಲ್ಕು ನಿಮಿಷ ಎಣ್ಣೆಯಲ್ಲೇ ಬಿಡಿ. ಎತ್ತಿ, ಎಣ್ಣೆ ಜಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಿನ ಅಂಚು ಮುಳುಗಿದರೆ ಹಿಟ್ಟು ಅಚ್ಚಿನ ತಲೆಯ ಮೇಲೆ ಕೂಡಿಕೊಂಡು ಬೀಗ ಹಾಕಿದ ಹಾಗಾಗುತ್ತದೆ, ಮತ್ತೆ ಎಷ್ಟು ಅಲ್ಲಾಡಿಸಿದರೂ ಬಿಡದು. ಎಣ್ಣೆಗಿಳಿಸಿ 20–30 ಸೆಕೆಂಡ್ ಬಿಟ್ಟು ಅಲ್ಲಾಡಿಸಿ. ಅಂಚನ್ನು ಕಡ್ಡಿಯಿಂದ ಮುಟ್ಟಿದರೆ ತಾನೇ ಜಾರುತ್ತದೆ.

ಅಚ್ಚು ತಣ್ಣಗಿದ್ದರೆ ಹಿಟ್ಟು ದಪ್ಪಗೆ ಹಿಡಿದು ಬಿಡುವುದಿಲ್ಲ. ವಿಪರೀತ ಕಾದರೆ ಅದ್ದಿದ ಕ್ಷಣ ಚುರ್ರೆಂದು ಬೆಂದು ಪಾತ್ರೆಯಲ್ಲೇ ಬಿದ್ದುಬಿಡುತ್ತದೆ. ನಿಮಗೆ ಎರಡೂ ಆಗಿದೆ ಎಂದರೆ ಉರಿ ಏರುಪೇರಾಗುತ್ತಿದೆ. ಪ್ರತಿ ಸಲ ಅದ್ದುವ ಮೊದಲು ಅಚ್ಚನ್ನು ಅರ್ಧ ನಿಮಿಷ ಎಣ್ಣೆಯಲ್ಲಿಟ್ಟೇ ತೆಗೆಯಿರಿ, ಹಿಟ್ಟನ್ನು ಆಗಾಗ ತಳದಿಂದ ಕದಡಿ. ಅಕ್ಕಿ ತಳಕ್ಕಿಳಿದರೆ ಮೇಲಿನ ತೆಳು ನೀರು ಮಾತ್ರ ಅಚ್ಚಿಗೆ ಸಿಗುತ್ತದೆ. ಎಣ್ಣೆಯಲ್ಲಿ ಗುಳ್ಳೆ ಪೂರ್ತಿ ನಿಂತ ಮೇಲೆ ಕೊಕ್ಕಿಸಾಂ ತೆಗೆಯಿರಿ. ಗುಳ್ಳೆ ಬರುತ್ತಿದೆ ಎಂದರೆ ಒಳಗೆ ನೀರಿದೆ, ಅದು ಮರುದಿನ ಮೆತ್ತಗಾಗುತ್ತದೆ.

ಪ್ರಶ್ನೆ: ಬೇಕರಿಯ ನಾನ್‌ಕಟಾಯಿಗೆ ಅಮೋನಿಯಾ ಹಾಕುತ್ತಾರಂತೆ. ಮನೆಯಲ್ಲಿ ಹಾಕಬಹುದೇ?
– ಕಾರ್ಕಳ

ಉತ್ತರ: ಹಾಕಬಹುದು. ಅದು ಅಮೋನಿಯಂ ಬೈಕಾರ್ಬನೇಟ್. ಬಿಸಿಗೆ ಪೂರ್ತಿಯಾಗಿ ಅಮೋನಿಯಾ, ಇಂಗಾಲದ ಡೈಆಕ್ಸೈಡ್, ನೀರಾವಿಯಾಗಿ ಒಡೆಯುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಬೇಕರಿ ಬಿಸ್ಕೆಟ್‌ನ ಗರಿಗರಿ ಅದರದ್ದು. ಆಹಾರಕ್ಕೆಂದೇ ಮಾರುವುದನ್ನು ಮಾತ್ರ ತನ್ನಿ. 250 ಗ್ರಾಂ ಹಿಟ್ಟಿಗೆ ಕಾಲು ಟೀಚಮಚ ಸಾಕು, ಸೋಡಾದ ಬದಲಿಗೆ ಹಾಕಿ. ಒಂದು ಚಮಚ ನೀರಿನಲ್ಲಿ ಕರಗಿಸಿ ಸೇರಿಸಿ. ಬೇಯುವಾಗ ಮೂಗಿಗೆ ಬಡಿಯುವ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ, ಓವನ್ ತೆರೆಯುವಾಗ ಮುಖ ಹತ್ತಿರ ಬೇಡ. ಹಸಿ ಹಿಟ್ಟನ್ನು ರುಚಿ ನೋಡಬೇಡಿ. ತೆಳುವಾದ, ಒಣಗುವ ಬಿಸ್ಕೆಟ್‌ಗೆ ಮಾತ್ರ ಇದು ಸರಿ. ಕೇಕ್‌ನಂಥ ದಪ್ಪ ತಿಂಡಿಯಲ್ಲಿ ವಾಸನೆ ಒಳಗೇ ಉಳಿಯುತ್ತದೆ.

ಪ್ರಶ್ನೆ: ತುಪ್ಪದ ಬದಲು ಬೆಣ್ಣೆ ಅಥವಾ ಡಾಲ್ಡಾ?
– ಕಾಪು

ಉತ್ತರ: ಬೆಣ್ಣೆಯಲ್ಲಿ ಆರರಲ್ಲಿ ಒಂದು ಪಾಲಿನಷ್ಟು ನೀರಿರುತ್ತದೆ. 100 ಗ್ರಾಂ ತುಪ್ಪದ ಜಾಗಕ್ಕೆ 120 ಗ್ರಾಂ ಬೆಣ್ಣೆ ಬೇಕು. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ನೀರು ಸೇರಿದಾಗ ಮೈದಾಕ್ಕೆ ಜಿಗುಟು ಬರುವುದರಿಂದ ಬಿಸ್ಕೆಟ್ ತುಸು ಗಟ್ಟಿಯಾಗುತ್ತದೆ, ತುಪ್ಪದ್ದರಂತೆ ಬಾಯಲ್ಲಿ ಕರಗದು. ಡಾಲ್ಡಾದಂಥ ವನಸ್ಪತಿ ನಮ್ಮ ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ, ಹಾಗಾಗಿ ಆಕಾರ ಚೆನ್ನಾಗಿ ನಿಲ್ಲುತ್ತದೆ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮವೂ ಬಂದಿದೆ. ಆದರೂ ಹಬ್ಬಕ್ಕೆಂದು ಮನೆಯಲ್ಲಿ ಮಾಡುವುದಕ್ಕೆ ತುಪ್ಪವೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅದರ ಪರಿಮಳಕ್ಕೆ ಬದಲಿಲ್ಲ.

ಪ್ರಶ್ನೆ: ಗೇರುಬೀಜದ ಮ್ಯಾಕರೂನ್ ಕೆಳಗೆ ಪಾಕ ಇಳಿದು ಅಂಟಂಟಾಗುತ್ತದೆ. ಒಮ್ಮೊಮ್ಮೆ ಚಪ್ಪಟೆಯಾಗುತ್ತದೆ.
– ಕಂಕನಾಡಿ, ಮಂಗಳೂರು

ಉತ್ತರ: ಪಾಕ ಇಳಿಯುವುದು ಸಕ್ಕರೆ ಕರಗದೆ ಉಳಿದಾಗ ಅಥವಾ ಓವನ್ ಬಿಸಿ ಹೆಚ್ಚಾದಾಗ. ಚಪ್ಪಟೆಯಾಗುವುದು ಗೇರುಬೀಜ ಎಣ್ಣೆ ಬಿಟ್ಟಾಗ.

ಮೂರು ಮೊಟ್ಟೆಯ ಬಿಳಿ ಸುಮಾರು 90 ಗ್ರಾಂ, ಸಕ್ಕರೆ ಪುಡಿ 180 ಗ್ರಾಂ, ಗೇರುಬೀಜ 150 ಗ್ರಾಂ, ಲಿಂಬೆರಸ ಅರ್ಧ ಟೀಚಮಚ. ಇಡೀ ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ, ತುಂಡು ಸಾಕು, ಆದರೆ ಒಣಗಿರಬೇಕು. 100 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ತಣಿಸಿ, ಎರಡು ಚಮಚ ಸಕ್ಕರೆ ಪುಡಿಯ ಜೊತೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಂದು ಮುದ್ದೆಯಾಗುತ್ತದೆ, ಆ ಎಣ್ಣೆ ನೊರೆಯನ್ನು ಕೂರಿಸುತ್ತದೆ. ಬಿಳಿಗೆ ಹಳದಿಯ ಒಂದು ಹನಿ ಬಿದ್ದರೂ, ಪಾತ್ರೆಯಲ್ಲಿ ಜಿಡ್ಡಿದ್ದರೂ ನೊರೆ ಏಳುವುದಿಲ್ಲ. ಪ್ಲಾಸ್ಟಿಕ್ ಪಾತ್ರೆ ಬೇಡ, ಸ್ಟೀಲ್ ಪಾತ್ರೆಯನ್ನು ಲಿಂಬೆ ಹೋಳಿನಿಂದ ಒರೆಸಿ ಒಣಗಿಸಿ.

ಬಿಳಿ ನೊರೆಯಾದ ಮೇಲೆ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತ ಹೋಗಿ. ಎರಡು ಬೆರಳ ನಡುವೆ ಉಜ್ಜಿದಾಗ ಸಕ್ಕರೆ ಕೈಗೆ ಸಿಗಬಾರದು, ಪಾತ್ರೆ ಬೋರಲು ಮಾಡಿದರೂ ನೊರೆ ಜಾರಬಾರದು. ಆಗ ಗೇರುಬೀಜದ ಪುಡಿಯನ್ನು ಮೂರು ಸಲವಾಗಿ ಚಮಚದಿಂದ ಮಡಚುತ್ತ ಸೇರಿಸಿ. ಬೇಕಿಂಗ್ ಪೇಪರ್ ಮೇಲೆ ಇಟ್ಟು 110–120 ಡಿಗ್ರಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಇದು ಬೇಯಿಸುವ ಕೆಲಸಕ್ಕಿಂತ ಒಣಗಿಸುವ ಕೆಲಸ. ಓವನ್ ಆರಿಸಿದ ಮೇಲೆ ಬಾಗಿಲು ತೆರೆಯದೆ ಒಳಗೇ ತಣಿಯಲು ಬಿಟ್ಟು, ತಣಿದ ಕೂಡಲೇ ಡಬ್ಬಿಗೆ ಹಾಕಿ. ಒಂದು ಗಂಟೆ ಮೇಜಿನ ಮೇಲೆ ಬಿಟ್ಟರೂ ನಮ್ಮ ಗಾಳಿಯ ತೇವ ಎಳೆದುಕೊಂಡು ಅಂಟುತ್ತದೆ. ಮಳೆ, ಮೋಡದ ದಿನ ಮ್ಯಾಕರೂನ್ ಮಾಡಲು ಹೊರಡಲೇಬೇಡಿ.

ಪ್ರಶ್ನೆ: ಕಿಡ್ಯೊ (ಮೈದಾದ ಕರಿದ ಸುರುಳಿ) ಕಲ್ಲಿನಂತೆ ಗಟ್ಟಿಯಾಗುತ್ತದೆ.
– ಉಳ್ಳಾಲ

ಉತ್ತರ: ಜಿಡ್ಡು ಕಡಿಮೆಯಾಗಿದೆ, ನೀರು ಹೆಚ್ಚಾಗಿದೆ. 500 ಗ್ರಾಂ ಮೈದಾಕ್ಕೆ 60 ಗ್ರಾಂ ತುಪ್ಪವನ್ನು ಚೆನ್ನಾಗಿ ಬಿಸಿ ಮಾಡಿ ಸುರಿದು, ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಆಮೇಲೆ ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಸಕ್ಕರೆ ಪುಡಿ, ಉಪ್ಪು, ಹದ ನೋಡಿಕೊಂಡು ದಪ್ಪ ತೆಂಗಿನ ಹಾಲು. ನೀರು ಬೇಡ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಫೋರ್ಕಿನ ಬೆನ್ನಿನ ಮೇಲೋ, ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಮೇಲೋ ತೆಳ್ಳಗೆ ಒತ್ತಿ ಸುರುಳಿ ಮಾಡಿ. ದಪ್ಪ ಒತ್ತಿದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಎಣ್ಣೆ 160 ಡಿಗ್ರಿ ದಾಟದಿರಲಿ, ನಿಧಾನವಾಗಿ ಕರಿಯಿರಿ.

ಸಕ್ಕರೆ ಹೊದಿಸುವುದಾದರೆ 200 ಗ್ರಾಂ ಸಕ್ಕರೆಗೆ 80 ಮಿಲಿ ನೀರು ಹಾಕಿ ಎರಡೆಳೆ ಪಾಕ ಬಂದ ಕೂಡಲೇ ಒಲೆ ಆರಿಸಿ ಕಿಡ್ಯೊ ಹಾಕಿ, ಪಾಕ ಬೆಳ್ಳಗೆ ಹರಳಾಗುವ ತನಕ ಕೈಬಿಡದೆ ತಿರುವುತ್ತಿರಿ. ಒಂದೆಳೆಗೇ ಹಾಕಿದರೆ ಹರಳಾಗದೆ ಅಂಟು ಉಳಿಯುತ್ತದೆ.

ಪ್ರಶ್ನೆ: ನೆವ್ರಿ (ಕರ್ಜಿಕಾಯಿ) ಎಣ್ಣೆಯಲ್ಲಿ ಬಾಯಿ ಬಿಡುತ್ತದೆ.
– ಕಿನ್ನಿಗೋಳಿ

ಉತ್ತರ: ಅಂಚಿಗೆ ಹೂರಣದ ಸಕ್ಕರೆ ತಾಗಿದರೆ ಎಷ್ಟು ಒತ್ತಿದರೂ ಹಿಡಿಯದು. ಅರ್ಧ ಇಂಚು ಅಂಚು ಬಿಟ್ಟು ತುಂಬಿ, ಹಾಲು ಸವರಿ ಒತ್ತಿ, ಒಳಗಿನ ಗಾಳಿಯನ್ನು ಬೆರಳಿನಿಂದ ಹೊರಗೆ ತಳ್ಳಿ ಮುಚ್ಚಿ. ಲಟ್ಟಿಸಿದ್ದನ್ನು ಫ್ಯಾನ್ ಕೆಳಗೆ ಒಣಗಲು ಬಿಡಬೇಡಿ.

ಪ್ರಶ್ನೆ: ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಮನೆಗೆ ಬರುವ ಮಕ್ಕಳಿಗೆ ಉಂಡೆ, ಚಕ್ಕುಲಿಯ ಜೊತೆ ರಾಗಿ–ಬೆಲ್ಲದ ಬಿಸ್ಕೆಟ್ ಕೊಡುವ ಆಸೆ. ಮೊಟ್ಟೆ ಬೇಡ. ಓವನ್ ಇಲ್ಲ. ಕಳೆದ ಸಲ ಎರಡೇ ದಿನಕ್ಕೆ ಮೆತ್ತಗಾಯಿತು.
– ಉಡುಪಿ

ಉತ್ತರ: ಮಳೆಗಾಲ ಒಂದು ಕಡೆ, ಬೆಲ್ಲ ಇನ್ನೊಂದು ಕಡೆ. ಬೆಲ್ಲ ಸಕ್ಕರೆಗಿಂತ ಬೇಗ ತೇವ ಎಳೆಯುತ್ತದೆ. ಅದಕ್ಕೆ ಅರ್ಧ ಬೆಲ್ಲ, ಅರ್ಧ ಸಕ್ಕರೆ ಹಾಕಿ. ರಾಗಿಹಿಟ್ಟು 120 ಗ್ರಾಂ ಸಣ್ಣ ಉರಿಯಲ್ಲಿ ಪರಿಮಳ ಬರುವ ತನಕ ಹುರಿದು ತಣಿಸಿ. ಗೋಧಿಹಿಟ್ಟು 100 ಗ್ರಾಂ, ಗಟ್ಟಿ ತುಪ್ಪ 110 ಗ್ರಾಂ, ಒಣ ಬೆಲ್ಲದ ಪುಡಿ 50 ಗ್ರಾಂ, ಸಕ್ಕರೆ ಪುಡಿ 50 ಗ್ರಾಂ, ಸೋಡಾ ಚಿಟಿಕೆ, ಬೇಕಾದರೆ ಒಂದು ಚಮಚ ಹಾಲು. ರಾಗಿಯಲ್ಲಿ ಜಿಗುಟಿಲ್ಲ, ಗೋಧಿ ಬಿಟ್ಟರೆ ಒಡೆದು ಪುಡಿಯಾಗುತ್ತದೆ.

ದಪ್ಪ ತಳದ ಪಾತ್ರೆಗೆ ಒಂದು ಇಂಚು ಶುದ್ಧ ಹೊಯ್ಗೆ (ಮರಳು) ಅಥವಾ ಕಲ್ಲುಪ್ಪು ಹಾಕಿ, ಮೇಲೆ ಕುಕ್ಕರಿನ ಕಂಬಿ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಇಟ್ಟ ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ. ಮುಚ್ಚಳಕ್ಕೆ ಒಣ ಬಟ್ಟೆ ಕಟ್ಟಿ, ತುದಿಗಳನ್ನು ಮೇಲಕ್ಕೆ ಗಂಟು ಹಾಕಿ. ಆವಿಯ ನೀರು ಬಿಸ್ಕೆಟ್ ಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಇದರಲ್ಲಿ ತಳ ಬೇಗ ಕೆಂಪಾಗುತ್ತದೆ, ಮೇಲೆ ಬಣ್ಣ ಬರುವುದಿಲ್ಲ. ರಾಗಿಗೆ ಅದು ಕಾಣುವುದೂ ಇಲ್ಲ. ಆದ್ದರಿಂದ ತಳ ನೋಡಿಯೇ ಇಳಿಸಿ.

ಪ್ರಶ್ನೆ: ದುಬೈಯಲ್ಲಿರುವ ಮಗನಿಗೆ ಕುಸ್ವಾರ್ ಕಳುಹಿಸಬೇಕು. ಯಾವುದನ್ನು ಮೊದಲು ಮಾಡಲಿ? ಹೇಗೆ ಕಟ್ಟಲಿ?
– ಶಿರ್ವ

ಉತ್ತರ: ಹೆಚ್ಚು ದಿನ ಬಾಳುವುದನ್ನು ಮೊದಲು ಮಾಡಿ. ಸಕ್ಕರೆ ಹೊದಿಸದ ಕಿಡ್ಯೊ, ತುಕ್ಡಿ (ಶಂಕರಪೋಳಿ) ಮೂರು ನಾಲ್ಕು ವಾರ ಗರಿಗರಿಯಾಗಿರುತ್ತವೆ. ಆಮೇಲೆ ನಾನ್‌ಕಟಾಯಿ, ಅದೂ ಮೂರು ವಾರ. ಕೊಕ್ಕಿಸಾಂನಲ್ಲಿ ತೆಂಗಿನ ಹಾಲೂ ಇದೆ, ಎಣ್ಣೆಯೂ ಇದೆ, ಎರಡು ವಾರ ದಾಟಿದರೆ ಕಮಟು ವಾಸನೆ ಬರುತ್ತದೆ. ನೆವ್ರಿಗೆ ಹಸಿ ಕಾಯಿಯ ಬದಲು ಕೊಬ್ಬರಿ ತುರಿದು ಹುರಿದು ಹಾಕಿ, ಹತ್ತು ದಿನದ ಲೆಕ್ಕ ಹಿಡಿಯಿರಿ. ಮ್ಯಾಕರೂನ್ ಹೊರಡುವ ಹಿಂದಿನ ದಿನ.

ಯಾವುದನ್ನೂ ಬಿಸಿಯಿರುವಾಗ ಡಬ್ಬಿಗೆ ಹಾಕಬೇಡಿ. ಒಂದೊಂದಕ್ಕೂ ಬೇರೆ ಡಬ್ಬಿ. ಒಂದೇ ಡಬ್ಬಿಯಲ್ಲಿ ಪೆರಾಡ್ (ಪೇರಳೆಹಣ್ಣಿನ ಹಲ್ವಾ), ಲಾಡು ಜೊತೆಗೆ ನಾನ್‌ಕಟಾಯಿ ಇಟ್ಟರೆ ಅದರ ತೇವವನ್ನು ಇದು ಹೀರಿ ಮೆತ್ತಗಾಗುತ್ತದೆ. ಒಂದು ಹಿಡಿ ಅಕ್ಕಿಯನ್ನು ಬಿಸಿಯಾಗುವಷ್ಟು ಹುರಿದು, ತಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬಿಯ ತಳದಲ್ಲಿಡಿ. ನಾನ್‌ಕಟಾಯಿಯನ್ನು ಮಲಗಿಸದೆ ನಿಲ್ಲಿಸಿ ಒತ್ತಾಗಿ ಜೋಡಿಸಿ, ಹಾಗೆ ಮಾಡಿದರೆ ಕಡಿಮೆ ಒಡೆಯುತ್ತದೆ. ಕೊಕ್ಕಿಸಾಂ ಅನ್ನು ಒಂದೇ ಅಳತೆಯ ಉರುಟು ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು, ನಡುವೆ ಕಾಗದ ಹಾಕಿ, ಮೇಲೆ ಉಳಿದ ಜಾಗಕ್ಕೆ ಕಾಗದದ ಉಂಡೆ ತುರುಕಿ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಮುಚ್ಚಳದ ಸುತ್ತ ಟೇಪ್ ಹಾಕಿ, ಮಾಡಿದ ತಾರೀಕು ಬರೆಯಿರಿ. ಅಲ್ಲಿ ತಲುಪುವಾಗ ತುಸು ಮೆತ್ತಗಾಗಿದ್ದರೆ ಸಕ್ಕರೆ ಹೊದಿಸದ ತಿಂಡಿಗಳನ್ನು 120 ಡಿಗ್ರಿ ಓವನ್‌ನಲ್ಲಿ ಎಂಟು ಹತ್ತು ನಿಮಿಷ ಇಟ್ಟು ಪೂರ್ತಿ ತಣಿಸಲು ಮಗನಿಗೆ ತಿಳಿಸಿ. ಗರಿಗರಿ ಮರಳುವುದು ತಣಿದ ಮೇಲೆಯೇ.